ಹೊಸ ಫೋನ್ ಬಂತು, ಮನೆಯ ಮೋಟರ್ ಮಾತು ಕೇಳುತ್ತಿಲ್ಲ

ಈ ಸಲ ಫೋನ್ ಬದಲಾಯಿಸಿದವರ ಪತ್ರಗಳೇ ಜಾಸ್ತಿ. ಅದರಲ್ಲೂ ಮನೆಯ ಲೈಟು, ಮೋಟರ್‌ಗಳನ್ನು ಫೋನಿಗೆ ಜೋಡಿಸಿಕೊಂಡವರು, ಇನ್ನು ಮೇಲೆ ಜೋಡಿಸಬೇಕು ಅಂತಿರುವವರು. ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಒಬ್ಬರ ತೊಂದರೆಗೆ ಇನ್ನೊಬ್ಬರ ಪತ್ರದ ಕೆಳಗೆ ಉತ್ತರ ಸಿಗಬಹುದು, ಪೂರ್ತಿ ಓದಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. 2015ರಲ್ಲಿ ಮಗ ಇಂಜಿನಿಯರಿಂಗ್ ಓದುವಾಗ ಬ್ಲಾಕ್‌ಗಳನ್ನು ಜೋಡಿಸಿ ಆಪ್ ಮಾಡುವ ಆಪ್ ಇನ್ವೆಂಟರ್ ಎಂಬ ವೆಬ್‌ಸೈಟಿನಲ್ಲಿ ಒಂದು ಆಪ್ ಮಾಡಿಕೊಟ್ಟಿದ್ದ. ಸಂಪಿನ ಮೋಟರ್, ಅಂಗಳದ ಲೈಟು ಎಲ್ಲ ಅದರಲ್ಲೇ. ಈಗ ಹೊಸ ಫೋನ್ ತೆಗೆದುಕೊಂಡೆ. ಫೋಟೋ, ನಂಬರು ಎಲ್ಲ ಬಂತು, ಆ ಆಪ್ ಮಾತ್ರ ಬರಲಿಲ್ಲ. ಫೈಲ್ ಕಳಿಸಿ ಹಾಕೋಣ ಅಂದರೆ ಇದು ಹಳೆಯ ಆಂಡ್ರಾಯ್ಡ್‌ಗೆ ಮಾಡಿದ ಆಪ್ ಅಂತ ಹೇಳಿ ನಿಂತುಬಿಡುತ್ತದೆ. ಫೋನ್ ಸರಿ ಇಲ್ಲವೇ? — ತುಮಕೂರಿನ ಓದುಗರು

ಉತ್ತರ: ಫೋನ್ ಚೆನ್ನಾಗಿಯೇ ಇದೆ ಸರ್, ವಾಪಸ್ ಕೊಡಬೇಡಿ. ನಿಮ್ಮ ಮಗನ ಆಪ್ ಕೂಡ ಕೆಟ್ಟಿಲ್ಲ. ನಡುವೆ ಆಂಡ್ರಾಯ್ಡ್ ಬದಲಾಗಿದೆ, ಅಷ್ಟೆ.

ಪ್ರತಿ ಆಪ್‌ನ ಒಳಗೂ ಅದು ಯಾವ ಕಾಲದ ಆಂಡ್ರಾಯ್ಡ್‌ಗೆ ಅಂತ ಮಾಡಿದ್ದು ಎಂಬ ಒಂದು ನಂಬರ್ ಬರೆದಿರುತ್ತದೆ. ಆ ನಂಬರ್ 23ಕ್ಕಿಂತ ಕಡಿಮೆ ಇದ್ದರೆ, ಅಂದರೆ ಆಂಡ್ರಾಯ್ಡ್ 6ಕ್ಕಿಂತ ಹಿಂದಿನ ಲೆಕ್ಕದಲ್ಲಿ ಮಾಡಿದ್ದರೆ, ಆಂಡ್ರಾಯ್ಡ್ 14 ಮತ್ತು ಅದರಿಂದೀಚಿನ ಫೋನುಗಳು ಅದನ್ನು ಹೊಸದಾಗಿ ಹಾಕಲು ಬಿಡುವುದಿಲ್ಲ. ಇದಕ್ಕೆ ಕಾರಣ ಇದೆ. ಆಂಡ್ರಾಯ್ಡ್ 6ರಿಂದ ಆಪ್‌ಗಳು ಕ್ಯಾಮೆರಾ, ಕಾಂಟ್ಯಾಕ್ಟ್ ಎಲ್ಲದಕ್ಕೂ ಬಳಸುವಾಗಲೇ ಅನುಮತಿ ಕೇಳಬೇಕು. ಹಳೆಯ ನಂಬರ್ ಹಾಕಿಕೊಂಡ ಆಪ್‌ಗಳು ಹಾಗೆ ಕೇಳುವ ಹಾಗಿರಲಿಲ್ಲ, ಹಾಕುವಾಗಲೇ ಎಲ್ಲ ಸಿಕ್ಕಿಬಿಡುತ್ತಿತ್ತು. ಕಳ್ಳ ಆಪ್ ಮಾಡುವವರು ಬೇಕಂತಲೇ ಹಳೆಯ ನಂಬರ್ ಹಾಕಲು ಶುರು ಮಾಡಿದರು. ಆ ಬಾಗಿಲು ಮುಚ್ಚಿದ್ದಾರೆ, ಒಳ್ಳೆಯದೇ. ಕಂಪ್ಯೂಟರ್‌ಗೆ ಕೇಬಲ್ ಹಾಕಿ ಈ ತಡೆ ದಾಟುವ ದಾರಿ ಇದೆ, ಆದರೆ ಮುಂದಿನ ಫೋನಿಗೆ ಮತ್ತೆ ಇದೇ ಪಾಡು. ಬೇಡ.

ಮಗನಿಗೆ ಒಂದು ಫೋನ್ ಮಾಡಿ. ಆಗ ಬಳಸಿದ ಗೂಗಲ್ ಅಕೌಂಟಿನಲ್ಲೇ ಆಪ್ ಇನ್ವೆಂಟರ್‌ಗೆ ಲಾಗಿನ್ ಆಗಲಿ. 2010ರಲ್ಲಿ ಗೂಗಲ್ ಇದನ್ನು ಜನರಿಗೆ ಕೊಟ್ಟಿತು, ಆಮೇಲೆ ಅಮೆರಿಕದ ಎಂಐಟಿಗೆ ಹೋಯಿತು, ಇವತ್ತಿಗೂ ನಡೆಯುತ್ತಿದೆ. ಹಳೆಯ ಪ್ರಾಜೆಕ್ಟ್ ಅಕೌಂಟಿನಲ್ಲೇ ಇದ್ದರೆ ಅದನ್ನು ತೆರೆದು ಮತ್ತೆ ಬಿಲ್ಡ್ ಒತ್ತಿದರೆ ಹೊಸ ನಂಬರ್ ಹಾಕಿಕೊಂಡು ಹೊಸ ಫೈಲ್ ಬರುತ್ತದೆ. ಬಹುತೇಕ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ. ಪ್ರಾಜೆಕ್ಟ್ ಹೋಗಿ, ಫೋನಿಗೆ ಹಾಕಿದ ಫೈಲ್ ಮಾತ್ರ ಉಳಿದಿದ್ದರೆ ಅದರಿಂದ ಆ ಬ್ಲಾಕ್‌ಗಳನ್ನು ವಾಪಸ್ ತೆಗೆಯಲು ಆಗುವುದಿಲ್ಲ. ಆದರೂ ಚಿಂತೆ ಬೇಡ. ನಾಲ್ಕು ಬಟನ್ನಿನ ಆಪ್, ಒಂದು ಭಾನುವಾರದ ಕೆಲಸ. ಯಾವ ಬಟನ್ ಒತ್ತಿದರೆ ಏನು ಸಂದೇಶ ಹೋಗುತ್ತಿತ್ತು ಅನ್ನುವುದು ಮಾತ್ರ ಗೊತ್ತಿರಬೇಕು.

ಆಪ್ ಹಾಕಿದ ಮೇಲೂ ಎರಡು ಕಡೆ ಮುಗ್ಗರಿಸಬಹುದು, ಈಗಲೇ ಹೇಳಿಬಿಡುತ್ತೇನೆ. ಮೋಟರ್ ಆಡಿಸುವ ನಿಮ್ಮ ಬೋರ್ಡಿನಲ್ಲಿರುವುದು ಬ್ಲೂಟೂತ್ ಮಾಡ್ಯೂಲ್ ಆಗಿದ್ದರೆ (ಆ ಕಾಲದಲ್ಲಿ ಎಚ್‌ಸಿ-05 ಎಲ್ಲರ ಕೈಯಲ್ಲೂ ಇತ್ತು) ಮೊದಲು ಹೊಸ ಫೋನನ್ನು ಅದಕ್ಕೆ ಪೇರ್ ಮಾಡಬೇಕು. ಪಿನ್ ಸಾಮಾನ್ಯವಾಗಿ 1234 ಅಥವಾ 0000. ಆಂಡ್ರಾಯ್ಡ್ 12ರಿಂದ ಆಪ್‌ಗೆ 'ನಿಯರ್‌ಬೈ ಡಿವೈಸಸ್' ಅನುಮತಿಯೂ ಬೇಕು, ಕೊಡದಿದ್ದರೆ ಲಿಸ್ಟ್ ಖಾಲಿ ಕಾಣಬಹುದು.

ವೈಫೈ ಬೋರ್ಡ್ ಆಗಿದ್ದು, ಫೋನ್ ನೇರವಾಗಿ ಬೋರ್ಡಿನ ವೈಫೈಗೆ ಸೇರಿ 192.168.4.1 ಎಂಬ ವಿಳಾಸಕ್ಕೆ ಸಂದೇಶ ಕಳಿಸುತ್ತಿದ್ದರೆ ತೊಂದರೆ ಬೇರೆ ತರದ್ದು. ಆ ವೈಫೈನಲ್ಲಿ ಇಂಟರ್ನೆಟ್ ಇರುವುದಿಲ್ಲ ಅಲ್ವಾ, ಹೊಸ ಫೋನ್ ಅದನ್ನು ನೋಡಿ ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಹಾರುತ್ತದೆ. ನೀವು ಬಟನ್ ಒತ್ತಿದ್ದು ಮನೆಯ ಬೋರ್ಡಿಗೆ ಹೋಗುವ ಬದಲು ಟವರ್ ಕಡೆ ಹೋಗುತ್ತದೆ. ಇಂಟರ್ನೆಟ್ ಇಲ್ಲ, ಹೀಗೇ ಇರಲೇ ಅಂತ ಫೋನ್ ಕೇಳಿದಾಗ ಹೌದು ಅನ್ನಿ. ಕೇಳದಿದ್ದರೆ ಡೇಟಾ ಆಫ್ ಮಾಡಿ ನೋಡಿ, ಮೋಟರ್ ತಕ್ಷಣ ಮಾತು ಕೇಳಿದರೆ ರೋಗ ಸಿಕ್ಕಿತು ಅಂತ ಲೆಕ್ಕ. ಕಾಯಂ ಪರಿಹಾರ ಬೇಕಾದರೆ ಬೋರ್ಡನ್ನೇ ಮನೆಯ ರೂಟರ್‌ಗೆ ಸೇರಿಸಿ, ರೂಟರ್‌ನಲ್ಲಿ ಅದಕ್ಕೊಂದು ಬದಲಾಗದ ವಿಳಾಸ ಕಾದಿರಿಸಿ. ಆಗ ಮನೆಯ ವೈಫೈಗೆ ಸೇರಿದ ಯಾವ ಫೋನಿನಿಂದ ಬೇಕಾದರೂ ಮೋಟರ್ ಹಾಕಬಹುದು.

ಪ್ರಶ್ನೆ: ಮಗ ಮನೆಯ ಎಲ್ಲ ಸ್ವಿಚ್ಚುಗಳನ್ನೂ ಫೋನಿಗೆ ಹಾಕುತ್ತೇನೆ ಅನ್ನುತ್ತಿದ್ದಾನೆ. ನನಗೆ ಹೆದರಿಕೆ. ಇಂಟರ್ನೆಟ್ ಹೋದ ದಿನ ರಾತ್ರಿ ಎದ್ದು ಬಚ್ಚಲಿನ ಲೈಟ್ ಹಾಕಲೂ ಆಗದ ಹಾಗಾದರೆ? — ಮೈಸೂರಿನಿಂದ ಒಬ್ಬ ತಾಯಿ

ಉತ್ತರ: ನಿಮ್ಮ ಹೆದರಿಕೆ ಸರಿಯಾದದ್ದು ಅಮ್ಮ. ಮಗನಿಗೆ ಈ ಪುಟ ತೋರಿಸಿ.

ಅಮೆರಿಕದಲ್ಲಿ ರಿವಾಲ್ವ್ ಅಂತ ಒಂದು ಸಾಧನ ಇತ್ತು, ಮನೆಯ ಲೈಟು, ಬೀಗ ಎಲ್ಲ ಅದಕ್ಕೆ ಜೋಡಿಸುತ್ತಿದ್ದರು. 2014ರಲ್ಲಿ ನೆಸ್ಟ್ ಕಂಪನಿ ಅದನ್ನು ಕೊಂಡಿತು, 2016ರ ಮೇ ತಿಂಗಳಲ್ಲಿ ಅದರ ಸರ್ವರ್ ನಿಲ್ಲಿಸಿತು. ಸುಮಾರು 300 ಡಾಲರ್ ಕೊಟ್ಟು ತಂದ ಪೆಟ್ಟಿಗೆ ಏನೂ ಕೆಡದೆಯೇ ನಿಷ್ಪ್ರಯೋಜಕ ಆಯಿತು. ಮನೆಯ ಬುದ್ಧಿಯನ್ನು ಮನೆಯ ಹೊರಗೆ ಇಟ್ಟರೆ ಹೀಗಾಗುತ್ತದೆ. ಫೋನಿನೊಳಗೆ ಇಟ್ಟರೂ ಅಷ್ಟೆ, ಫೋನ್ ಎರಡು ಮೂರು ವರ್ಷಕ್ಕೆ ಬದಲಾಗುತ್ತದೆ. ಮನೆಯ ವೈರಿಂಗ್ ಇಪ್ಪತ್ತು ವರ್ಷ ಇರುತ್ತದೆ.

ಇದಕ್ಕೆ ಒಂದು ಹಳೆಯ ಉಪಾಯ ಇದೆ, ನಿಮ್ಮ ಮನೆಯ ಮೆಟ್ಟಿಲಲ್ಲೇ ನೋಡಿರುತ್ತೀರಿ. ಕೆಳಗೆ ಲೈಟ್ ಹಾಕಿ, ಮೇಲೆ ಹೋಗಿ ಆರಿಸುವ ಟೂ-ವೇ ಸ್ವಿಚ್. ಎರಡರಲ್ಲಿ ಯಾವುದನ್ನು ಒತ್ತಿದರೂ ಲೈಟ್ ಬದಲಾಗುತ್ತದೆ. ಈಗ ಮೇಲಿನ ಸ್ವಿಚ್ಚಿನ ಜಾಗದಲ್ಲಿ ರಿಲೇ ಇದೆ ಅಂದುಕೊಳ್ಳಿ. ರಿಲೇಗೂ ಮೂರೇ ಸ್ಕ್ರೂ: ನಡುವೆ ಕಾಮನ್, ಆ ಕಡೆ ಈ ಕಡೆ ಎರಡು. ಅದು ಟೂ-ವೇ ಸ್ವಿಚ್ಚೇ, ಬೆರಳಿನ ಬದಲು ಕರೆಂಟಿನಲ್ಲಿ ಆಡುತ್ತದೆ, ಅಷ್ಟೆ ವ್ಯತ್ಯಾಸ. ಗೋಡೆಯ ಸ್ವಿಚ್ ತೆಗೆದು ಅಲ್ಲಿಗೆ ಟೂ-ವೇ ಸ್ವಿಚ್ ಹಾಕಿ, ಅದರಿಂದ ಎರಡು ವೈರ್ ರಿಲೇಯ ಎರಡು ತುದಿಗೆ, ರಿಲೇಯ ಕಾಮನ್‌ನಿಂದ ಲೈಟಿಗೆ. ಇಷ್ಟಾದರೆ ಇಂಟರ್ನೆಟ್ ಹೋಗಲಿ, ರೂಟರ್ ಸುಡಲಿ, ರಿಲೇ ಆಡಿಸುವ ಬೋರ್ಡೇ ಸಾಯಲಿ, ನೀವು ಗೋಡೆಯ ಸ್ವಿಚ್ ಒತ್ತಿದರೆ ಲೈಟ್ ಹತ್ತುತ್ತದೆ.

ಇದರಲ್ಲಿ ಒಂದು ಕೊರತೆ ಇದೆ. ನೀವು ಗೋಡೆಯಲ್ಲಿ ಒತ್ತಿದ್ದು ಆಪ್‌ಗೆ ಗೊತ್ತಾಗುವುದಿಲ್ಲ, ಲೈಟ್ ಉರಿಯುತ್ತಿದ್ದರೂ ಆಪ್‌ನಲ್ಲಿ ಆಫ್ ಅಂತ ಕಾಣಬಹುದು. ಅದಕ್ಕೆ ಬೇರೆ ಸರ್ಕ್ಯೂಟ್ ಸೇರಿಸಬೇಕು. ನನ್ನನ್ನು ಕೇಳಿದರೆ, ಆಪ್ ತಪ್ಪು ತೋರಿಸಿದರೂ ಪರವಾಗಿಲ್ಲ, ಬಚ್ಚಲಿನ ಲೈಟ್ ಮೊದಲು ಹತ್ತಲಿ. ಒಂದು ಮಾತು, 230 ವೋಲ್ಟ್ ವೈರಿಂಗ್ ಮಗ ಮಾಡುವುದು ಬೇಡ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾಡಲಿ, ಮಗ ಪಕ್ಕದಲ್ಲಿ ನಿಂತು ನೋಡಲಿ. ಮನೆಯಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಇಲ್ಲದಿದ್ದರೆ ಆಟೊಮೇಷನ್‌ಗಿಂತ ಮೊದಲು ಅದನ್ನು ಹಾಕಿಸಿ.

ಪ್ರಶ್ನೆ: ನಾನು ಡಿಪ್ಲೊಮಾ ವಿದ್ಯಾರ್ಥಿ. ಸ್ವಂತ ಹೋಮ್ ಆಟೊಮೇಷನ್ ಆಪ್ ಮಾಡಬೇಕು. ಎಲ್ಲಿಂದ ಶುರು ಮಾಡಲಿ? ವಿಡಿಯೋ ನೋಡಿ ನೋಡಿ ತಲೆ ಕೆಟ್ಟಿದೆ. — ಪುತ್ತೂರಿನ ಓದುಗರು

ಉತ್ತರ: ವಿಡಿಯೋ ನಿಲ್ಲಿಸಿ, ಒಂದು ಬಲ್ಬ್‌ನಿಂದ ಶುರು ಮಾಡಿ. ಅದೂ ಮೊದಲ ವಾರ 230 ವೋಲ್ಟ್ ಬಲ್ಬ್ ಬೇಡ, ಬೋರ್ಡಿನ ಮೇಲಿರುವ ಪುಟ್ಟ ನೀಲಿ ಎಲ್‌ಇಡಿ ಸಾಕು.

ಇಎಸ್‌ಪಿ 8266 ಎಂಬ ವೈಫೈ ಚಿಪ್ ಇರುವ ನೋಡ್‌ಎಂಸಿಯು ಬೋರ್ಡ್ ತೆಗೆದುಕೊಳ್ಳಿ, ಅಥವಾ ಸ್ವಲ್ಪ ಜಾಸ್ತಿ ಕೊಟ್ಟು ಇಎಸ್‌ಪಿ 32. ಬೆಂಗಳೂರಿಗೆ ಹೋಗುವವರಿದ್ದರೆ ಎಸ್.ಪಿ. ರೋಡಿನಲ್ಲಿ ಬೇಕಾದಷ್ಟು ಸಿಗುತ್ತದೆ. 8266 ಚಿಪ್ಪಿಗೆ 2.4 ಗಿಗಾಹರ್ಟ್ಜ್ ವೈಫೈ ಮಾತ್ರ ಗೊತ್ತು, 5 ಗಿಗಾಹರ್ಟ್ಜ್ ಕಾಣಿಸುವುದೇ ಇಲ್ಲ. ರೂಟರ್‌ನಲ್ಲಿ 2.4 ಆನ್ ಇದೆಯೇ ನೋಡಿ. ನಿಮ್ಮ ಫೋನ್ 5ರಲ್ಲಿ ಇದ್ದರೂ ತೊಂದರೆ ಇಲ್ಲ, ಎರಡೂ ಒಂದೇ ಮನೆಯ ನೆಟ್‌ವರ್ಕ್.

ಆಪ್‌ಗೆ ಆಪ್ ಇನ್ವೆಂಟರ್ ಸಾಕು. ಒಂದು ಬಟನ್, ಒಂದು ವೆಬ್ ಕಾಂಪೊನೆಂಟ್ (ವಿಳಾಸಕ್ಕೆ ಸಂದೇಶ ಕಳಿಸುವ ಭಾಗ). ಬಟನ್ ಒತ್ತಿದಾಗ ಬೋರ್ಡಿನ ವಿಳಾಸಕ್ಕೆ 'ಆನ್' ಅಂತ ಒಂದು ಕೋರಿಕೆ ಹೋಗಲಿ, ಬೋರ್ಡ್ ಎಲ್‌ಇಡಿ ಹಚ್ಚಿ 'ಆಯಿತು' ಅಂತ ಉತ್ತರ ಕೊಡಲಿ. ಆ ಉತ್ತರ ಬಂದ ಮೇಲೆ ಮಾತ್ರ ಆಪ್‌ನಲ್ಲಿ ಬಣ್ಣ ಬದಲಾಗಲಿ. ಬಹಳ ಜನ ಬಟನ್ ಒತ್ತಿದ ಕೂಡಲೇ ಬಣ್ಣ ಬದಲಾಯಿಸುತ್ತಾರೆ, ಬೋರ್ಡಿಗೆ ಸಂದೇಶ ಮುಟ್ಟಿತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಮುಂದೆ ಕೋಡ್ ಬರೆದು ಆಪ್ ಮಾಡುವ ಆಂಡ್ರಾಯ್ಡ್ ಸ್ಟುಡಿಯೋಗೆ ಹೋದಾಗ ಇದೇ ಕೋರಿಕೆ ಕೆಲಸ ಮಾಡದೆ ಕಣ್ಣೀರು ಬರಿಸಬಹುದು. ಆಂಡ್ರಾಯ್ಡ್ 9ರಿಂದೀಚೆಗೆ ಗೂಢಲಿಪಿ ಇಲ್ಲದ ಎಚ್‌ಟಿಟಿಪಿಯನ್ನು ಸುಮ್ನೆ ಬಿಡುವುದಿಲ್ಲ, ಮನೆಯೊಳಗಿನ ಆ ವಿಳಾಸಕ್ಕೆ ಅನುಮತಿ ಇದೆ ಅಂತ ಆಪ್‌ನಲ್ಲಿ ಬರೆದಿಡಬೇಕು.

ಇನ್ನು ರಿಲೇ. ಇಲ್ಲಿ ಸ್ವಲ್ಪ ನಿಲ್ಲಬೇಕು. ಅಗ್ಗದ ರಿಲೇ ಮಾಡ್ಯೂಲ್‌ಗಳಲ್ಲಿ ಹೆಚ್ಚಿನವು ಉಲ್ಟಾ, ಪಿನ್‌ಗೆ ಸೊನ್ನೆ ಕೊಟ್ಟರೆ ಆನ್. ಇಎಸ್‌ಪಿ 8266ರ ಕೆಲವು ಪಿನ್‌ಗಳಂತೂ ಬೋರ್ಡ್ ಏಳುವಾಗ ತಮ್ಮಷ್ಟಕ್ಕೆ ಮೇಲೆ ಕೆಳಗೆ ಆಡುತ್ತವೆ. ನಮ್ಮ ಮನೆಯಲ್ಲಿ ಮೊದಲ ಸಲ ಮಾಡಿದಾಗ ನಾನು ಡಿ3 ಪಿನ್‌ಗೆ ರಿಲೇ ಹಾಕಿದ್ದೆ. ರಾತ್ರಿ ಎರಡು ಗಂಟೆಗೆ ಹೋದ ಕರೆಂಟ್ ವಾಪಸ್ ಬಂತು, ಕತ್ತಲೆಯಲ್ಲಿ ಟಕ್ ಅಂತ ಸದ್ದು, ಹಿಂದೆಯೇ ಮೋಟರ್ ಒಂದು ಸಲ ಗುಂಯ್ ಅಂದು ನಿಂತಿತು. ಎದ್ದು ಹೋಗಿ ಮುಖ್ಯ ಸ್ವಿಚ್ ತೆಗೆದೇ ಮಲಗಿದ್ದು. ಮರುದಿನ ಡಿ1ಕ್ಕೆ ಬದಲಾಯಿಸಿದೆ, ಪಿನ್ ಔಟ್‌ಪುಟ್ ಅಂತ ಹೇಳುವ ಮೊದಲೇ ಅದಕ್ಕೆ ಆಫ್ ಬೆಲೆ ಬರೆದಿಟ್ಟೆ. ಆ ಸದ್ದು ಮತ್ತೆ ಬಂದಿಲ್ಲ. ಡಿ1, ಡಿ2 ನೆಮ್ಮದಿಯ ಪಿನ್‌ಗಳು, ರಿಲೇ ಅಲ್ಲಿಗೇ ಹಾಕಿ.

ಮೋಟರನ್ನು ಆ ನೀಲಿ ಡಬ್ಬಿಯ ರಿಲೇಗೆ ನೇರವಾಗಿ ಹಾಕಲೇಬೇಡಿ. ಮೇಲೆ 10 ಆಂಪಿಯರ್ ಅಂತ ಬರೆದಿರುತ್ತದೆ ನಿಜ, 1 ಎಚ್‌ಪಿ ಅಂದರೆ 746 ವ್ಯಾಟ್ ಅಂತ ಲೆಕ್ಕ ಹಾಕಿ ಸಾಕಾಗುತ್ತದೆ ಅಂದುಕೊಳ್ಳುತ್ತೀರಿ. ಆದರೆ ಮೋಟರ್ ಹೊರಡುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಒಳಗಿನ ತುದಿಗಳು ಕಿಡಿ ಹಾರಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಮೇಲೆ ಆಪ್ ಆಫ್ ಅನ್ನುತ್ತದೆ, ಮೋಟರ್ ಓಡುತ್ತಲೇ ಇರುತ್ತದೆ. ರಿಲೇಯಿಂದ ಕಾಂಟ್ಯಾಕ್ಟರ್ (ಮೋಟರಿನ ಕರೆಂಟ್ ತಾಳುವ ದೊಡ್ಡ ರಿಲೇ) ಆಡಿಸಿ, ಕಾಂಟ್ಯಾಕ್ಟರ್ ಮೋಟರನ್ನು ಆಡಿಸಲಿ.

ಇಷ್ಟು ಆದ ಮೇಲೆ ಎಂಕ್ಯುಟಿಟಿ ಕಲಿಯಿರಿ, ಸಾಧನಗಳ ನಡುವೆ ಸಂದೇಶ ಸಾಗಿಸುವ ಒಂದು ಪದ್ಧತಿ ಅದು. 1999ರಲ್ಲಿ ಆರ್ಲೆನ್ ನಿಪ್ಪರ್ ಮತ್ತು ಐಬಿಎಂನ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಎಂಬ ಇಬ್ಬರು ಎಣ್ಣೆ ಪೈಪ್‌ಲೈನ್‌ಗಳ ಮೇಲೆ ಸ್ಯಾಟಲೈಟ್ ಮೂಲಕ ಕಣ್ಣಿಡಲು ಇದನ್ನು ಮಾಡಿದರು. ಲೈನ್ ಆಗಾಗ ಹೋಗಿ ಬರುವ ಕಡೆಗೆಂದೇ ಮಾಡಿದ್ದು, ಹಾಗಾಗಿ ನಮ್ಮ ಕಡೆಗೆ ಹೇಳಿ ಮಾಡಿಸಿದ ಹಾಗಿದೆ. ನಡುವೆ ಬ್ರೋಕರ್ ಅಂತ ಒಬ್ಬ ಇರುತ್ತಾನೆ, ಅಂಚೆ ಮಾಸ್ತರನ ಹಾಗೆ. ಫೋನ್ ಅವನಿಗೆ ಹೇಳುತ್ತದೆ, ಅವನು ಬೋರ್ಡಿಗೆ ಹೇಳುತ್ತಾನೆ. ಇದರಲ್ಲಿ 'ರಿಟೇನ್' ಅಂತ ಒಂದು ಸೌಲಭ್ಯ ಇದೆ, ಕೊನೆಯ ಸಂದೇಶವನ್ನು ಬ್ರೋಕರ್ ನೆನಪಿಟ್ಟುಕೊಂಡು, ಬೋರ್ಡ್ ಮತ್ತೆ ಬಂದಾಗ ಕೊಡುತ್ತಾನೆ. ಲೈಟಿಗೆ ಒಳ್ಳೆಯದು. ಮೋಟರಿನ ಆಜ್ಞೆಗೆ ಬೇಡವೇ ಬೇಡ. ನಿನ್ನೆ ಹೇಳಿದ 'ಆನ್' ಇವತ್ತು ಕರೆಂಟ್ ಬಂದಾಗ ಮುಟ್ಟಿದರೆ, ಸಂಪಿನಲ್ಲಿ ನೀರಿಲ್ಲದಿದ್ದರೂ ಮೋಟರ್ ಒಣಗಿ ಓಡುತ್ತದೆ. ಮೋಟರ್ ಎಷ್ಟು ನಿಮಿಷಕ್ಕೆ ನಿಲ್ಲಬೇಕು ಅನ್ನುವುದನ್ನು ಫೋನಿನಲ್ಲಿ ಇಡಬೇಡಿ, ಬೋರ್ಡಿನಲ್ಲೇ ಬರೆಯಿರಿ. ಫೋನ್ ಸ್ವಿಚ್ ಆಫ್ ಆದರೂ 20 ನಿಮಿಷಕ್ಕೆ ಮೋಟರ್ ನಿಲ್ಲಬೇಕು.

ಅಭ್ಯಾಸಕ್ಕೆ ಸಿಗುವ ಉಚಿತ ಸಾರ್ವಜನಿಕ ಬ್ರೋಕರ್‌ಗಳಲ್ಲಿ ಮನೆಯ ಮೋಟರ್ ಬಿಡಬೇಡಿ. ಅಲ್ಲಿ ಹೋಗುವ ಸಂದೇಶ ಯಾರು ಬೇಕಾದರೂ ಓದಬಹುದು, ಕಳಿಸಲೂಬಹುದು. ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದರಲ್ಲಿ ಮೊಸ್ಕಿಟೊ ಎಂಬ ಉಚಿತ ಬ್ರೋಕರ್ ಹಾಕಿ ಪಾಸ್‌ವರ್ಡ್ ಇಡಿ. ಆಮೇಲೆ ಆಸಕ್ತಿ ಬೆಳೆದರೆ, ಮನೆಯ ಸಾಧನಗಳನ್ನೆಲ್ಲ ಒಂದೇ ಕಡೆಯಿಂದ ಆಡಿಸುವ ಹೋಮ್ ಅಸಿಸ್ಟೆಂಟ್ ಎಂಬ ಸಾಫ್ಟ್‌ವೇರ್ ನೋಡಿ. ಪೌಲಸ್ ಸ್ಕೌಟ್ಸನ್ ಎಂಬವರು 2013ರಲ್ಲಿ ಪೈಥಾನ್‌ನಲ್ಲಿ ಶುರು ಮಾಡಿದ್ದು, ಉಚಿತ, ಎಲ್ಲವೂ ಮನೆಯೊಳಗೇ ಓಡುತ್ತದೆ. ಫೋನ್ ಬದಲಾದರೆ ಲಾಗಿನ್ ಆದರೆ ಮುಗಿಯಿತು.

ಪ್ರಶ್ನೆ: ಹೊಸ ಫೋನಿಗೆ ಹೋಗುವಾಗ ಯಾವುದು ಮೊದಲು, ಯಾವುದು ಆಮೇಲೆ? ಕಳೆದ ಸಲ ವಾಟ್ಸಾಪ್ ಚಾಟ್ ಪೂರ್ತಿ ಹೋಯಿತು. — ದಾವಣಗೆರೆಯ ಓದುಗರು

ಉತ್ತರ: ಹಳೆಯ ಫೋನನ್ನು ಎರಡು ವಾರ ಮುಟ್ಟಬೇಡಿ, ರೀಸೆಟ್ ಮಾಡಬೇಡಿ, ಯಾರಿಗೂ ಕೊಡಬೇಡಿ. ಅರ್ಧ ತಾಪತ್ರಯ ಇದರಿಂದಲೇ ತಪ್ಪುತ್ತದೆ.

ಎರಡೂ ಆಂಡ್ರಾಯ್ಡ್ ಆದರೆ ವಾಟ್ಸಾಪ್‌ನ ಸೆಟ್ಟಿಂಗ್ಸ್, ಚಾಟ್ಸ್ ಒಳಗೆ 'ಟ್ರಾನ್ಸ್‌ಫರ್ ಚಾಟ್ಸ್' ಇದೆ. ಎರಡು ಫೋನನ್ನೂ ಪಕ್ಕ ಪಕ್ಕ ಇಟ್ಟು ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದರೆ ನೇರವಾಗಿ ಬರುತ್ತದೆ. ಬ್ಯಾಕಪ್ ನಂಬಿಕೊಂಡರೆ ಅದು ಈಗ ನಿಮ್ಮ ಗೂಗಲ್‌ನ 15 ಜಿಬಿಯಲ್ಲೇ ಜಾಗ ತಿನ್ನುತ್ತದೆ, ತುಂಬಿದ್ದರೆ ಬ್ಯಾಕಪ್ ನಿಂತು ಎಷ್ಟೋ ದಿನ ಆಗಿರಬಹುದು. ಯುಪಿಐಗೆ ಸಿಮ್ ಹೊಸ ಫೋನಿನಲ್ಲೇ ಇರಬೇಕು, ಅಲ್ಲಿಂದ ಎಸ್‌ಎಂಎಸ್ ಹೋಗುವಷ್ಟು ರೀಚಾರ್ಜ್ ಇರಬೇಕು. ಮೊದಲ 24 ಗಂಟೆ ಸಾಮಾನ್ಯವಾಗಿ 5,000 ರೂಪಾಯಿಯ ಮಿತಿ ಇರುತ್ತದೆ. ಹಾಗಾಗಿ ಮದುವೆ ಹಾಲ್‌ಗೆ ದುಡ್ಡು ಕಟ್ಟುವ ದಿನ ಫೋನ್ ಬದಲಾಯಿಸಬೇಡಿ. ಆರು ಅಂಕಿಯ ಕೋಡ್ ಕೊಡುವ ಅಥೆಂಟಿಕೇಟರ್ ಆಪ್ ಬಳಸುವವರು ಮೊದಲು ಅದನ್ನು ದಾಟಿಸಿ, ಅದು ಹೋದರೆ ಉಳಿದ ಅಕೌಂಟುಗಳ ಬಾಗಿಲೂ ಮುಚ್ಚುತ್ತದೆ.

ಆಂಡ್ರಾಯ್ಡ್ ಬಿಟ್ಟು ಐಫೋನಿಗೆ ಹೋಗುವವರಿಗೆ ಒಂದು ಮಾತು. ಮೇಲೆ ಹೇಳಿದ ಎಚ್‌ಸಿ-05 ಬ್ಲೂಟೂತ್ ಮಾಡ್ಯೂಲ್ ಐಫೋನಿನ ಜೊತೆ ಮಾತಾಡುವುದೇ ಇಲ್ಲ. ವೈಫೈ ಬೋರ್ಡ್ ಹಾಕಿ, ಅದರಲ್ಲೇ ಒಂದು ವೆಬ್ ಪುಟ ಇಟ್ಟರೆ ಯಾವ ಫೋನಿನ ಬ್ರೌಸರಿನಲ್ಲೂ ತೆರೆಯುತ್ತದೆ.

ಪ್ರಶ್ನೆ: ನಾನು ಜರ್ಮನಿಯಲ್ಲಿದ್ದೇನೆ, ಅಪ್ಪ ಅಮ್ಮ ಹಾಸನದ ಹತ್ತಿರ. ಇಲ್ಲಿಂದಲೇ ಅವರ ಮನೆಯ ಮೋಟರ್ ಹಾಕಿ ತೆಗೆಯುವ ಆಪ್ ಮಾಡಿದ್ದೇನೆ. ಮನೆಯಲ್ಲಿ ವೈಫೈನಲ್ಲಿ ನಡೆಯುತ್ತಿತ್ತು, ಇಲ್ಲಿಂದ ನಡೆಯುತ್ತಿಲ್ಲ.

ಉತ್ತರ: ಊರಿನ ಬಹಳಷ್ಟು ಕನೆಕ್ಷನ್‌ಗಳಲ್ಲಿ ಒಂದೇ ಹೊರ ವಿಳಾಸವನ್ನು ನೂರಾರು ಮನೆಗಳಿಗೆ ಹಂಚಿರುತ್ತಾರೆ. ಹೊರಗಿನಿಂದ ಬಾಗಿಲು ತಟ್ಟಿದರೆ ಯಾವ ಮನೆ ಅಂತ ಗೊತ್ತಾಗುವುದಿಲ್ಲ. ರೂಟರ್‌ನಲ್ಲಿ ಪೋರ್ಟ್ ತೆರೆದರೂ ಪ್ರಯೋಜನ ಇಲ್ಲ, ತೆರೆಯಲೂ ಬಾರದು. ಮನೆಯೊಳಗಿನಿಂದ ಹೊರಗೆ ಸಂಪರ್ಕ ಹಿಡಿಯುವ ವಿಪಿಎನ್ ಹಾಕಿ, ಅಥವಾ ಪಾಸ್‌ವರ್ಡ್ ಮತ್ತು ಟಿಎಲ್‌ಎಸ್ (ಸಂದೇಶವನ್ನು ಗೂಢಲಿಪಿಯಲ್ಲಿ ಕಳಿಸುವ ವಿಧಾನ) ಇರುವ ನಿಮ್ಮದೇ ಬ್ರೋಕರ್ ಇಡಿ.

ಆದರೆ ನನ್ನ ಅಭಿಪ್ರಾಯ ಬೇರೆ. ಮೋಟರ್ ಹಾಕುವ ಬಟನ್ ಅಪ್ಪನ ಹತ್ತಿರವೇ ಇರಲಿ. ಯಾರಾದರೂ ಸಂಪಿನೊಳಗೆ ಇಳಿದು ಫುಟ್‌ವಾಲ್ವ್ ನೋಡುತ್ತಿರುವಾಗ ನೀವು ಅಲ್ಲಿ ಕುಳಿತು ಆನ್ ಒತ್ತಿದರೆ? ನಿಮ್ಮ ಆಪ್ ಟ್ಯಾಂಕಿನ ಮಟ್ಟ ತೋರಿಸಲಿ, ಮೋಟರ್ ಓಡುತ್ತಿದೆಯೇ ಹೇಳಲಿ, ನಿಲ್ಲಿಸುವ ಬಟನ್ ಬೇಕಾದರೆ ಇರಲಿ. ಮಟ್ಟ ನೋಡಲು ಫ್ಲೋಟ್ ಸ್ವಿಚ್ ಸಾಕು. ಎರಡು ಕಣ್ಣಿನ ಅಲ್ಟ್ರಾಸಾನಿಕ್ ಸೆನ್ಸರ್ ಟ್ಯಾಂಕಿನ ಹಬೆಗೆ ಬೇಗ ತುಕ್ಕು ಹಿಡಿಯುತ್ತದೆ. ಟ್ಯಾಂಕ್ ಖಾಲಿ ಅಂತ ಕಂಡರೆ ಅಪ್ಪನಿಗೆ ಫೋನ್ ಮಾಡಿ, ನಾಲ್ಕು ಮಾತೂ ಆಗುತ್ತದೆ.

ಪ್ರಶ್ನೆ: ಅಜ್ಜಿಗೆ ಬಟನ್ ಕಾಣುವುದಿಲ್ಲ. ಕನ್ನಡದಲ್ಲಿ ಹೇಳಿದರೆ ಲೈಟ್ ಹತ್ತುವ ಹಾಗೆ ಆಪ್ ಮಾಡಬಹುದೇ? — ಧಾರವಾಡದ ಓದುಗರು

ಉತ್ತರ: ಖಂಡಿತ. ಆಂಡ್ರಾಯ್ಡ್ ಫೋನಿನ ಗೂಗಲ್ ಸ್ಪೀಚ್‌ಗೆ ಕನ್ನಡ ಬರುತ್ತದೆ, ಆಪ್ ಇನ್ವೆಂಟರ್‌ನ ಸ್ಪೀಚ್ ರೆಕಗ್ನೈಸರ್‌ಗೆ ಭಾಷೆ ಕನ್ನಡ ಅಂತ ಹೇಳಿದರೆ ಅಜ್ಜಿಯ ಮಾತು ಅಕ್ಷರವಾಗಿ ಕೈಗೆ ಸಿಗುತ್ತದೆ. ಕಷ್ಟದ ಕೆಲಸ ಆಮೇಲಿನದು. ನಮ್ಮಲ್ಲಿ ಲೈಟಿಗೆ ಒಂದು ಮಾತಿಲ್ಲ. ನಿಮ್ಮ ಕಡೆ ಲೈಟ್ ಹಚ್ಚು ಅನ್ನುತ್ತಾರೆ, ಮೈಸೂರಲ್ಲಿ ಹಾಕು, ಹುಡುಗರು ಆನ್ ಮಾಡು. ಆರಿಸಲು ತೆಗಿ, ಆರಿಸು, ಬಂದ್ ಮಾಡು. ಇನ್ನು 'ಬಿಡು' ಅಂತೂ ನೀರು ಬಿಡು ಅಂದರೆ ಮೋಟರ್ ಶುರು, ಸಾಕು ಬಿಡು ಅಂದರೆ ನಿಲ್ಲಿಸು. ಪುಸ್ತಕದ ಪದ ಹಾಕಿ ಅಜ್ಜಿಗೆ ಕಲಿಸಲು ಹೋಗಬೇಡಿ. ಒಂದು ದಿನ ಅವರ ಜೊತೆ ಕುಳಿತು, ಅವರು ಮಾಮೂಲಾಗಿ ಹೇಗೆ ಹೇಳುತ್ತಾರೆ ಅಂತ ಬರೆದುಕೊಳ್ಳಿ. ಹತ್ತು ಹನ್ನೆರಡು ಮಾತು ಆಗಬಹುದು. ಬಂದ ವಾಕ್ಯದಲ್ಲಿ ಆ ಪದ ಇದೆಯೇ ಅಂತ ಮಾತ್ರ ಹುಡುಕಿ, ಪೂರ್ತಿ ವಾಕ್ಯ ಹೊಂದಬೇಕು ಅನ್ನಬೇಡಿ. ಲೈಟ್ ಎಂಬ ಪದ ಕೆಲವೊಮ್ಮೆ ಇಂಗ್ಲಿಷ್ ಅಕ್ಷರದಲ್ಲಿ ಬರಬಹುದು, ಎರಡನ್ನೂ ಹಾಕಿಡಿ. ಲೈಟ್ ಹತ್ತಿದ ಮೇಲೆ ಫೋನ್ 'ಹಚ್ಚಿದೆ ಅಜ್ಜಿ' ಅಂತ ಹೇಳಲಿ, ಅದಕ್ಕೂ ಕನ್ನಡ ದನಿ ಇದೆ.

ಪ್ರಶ್ನೆ: ಹಳೆಯ ಫೋನನ್ನು ಗೋಡೆಗೆ ಹಾಕಿ ಆಪ್‌ನ ಪ್ಯಾನೆಲ್ ಮಾಡಬಹುದಾ? — ಶಿರಸಿಯ ಓದುಗರು

ಉತ್ತರ: ಮಾಡಬಹುದು, ಸಿಮ್ ತೆಗೆದು, ಬ್ಯಾಂಕ್ ಆಪ್‌ಗಳನ್ನೆಲ್ಲ ತೆಗೆದು. ಆದರೆ ದಿನವಿಡೀ ಚಾರ್ಜರ್‌ನಲ್ಲಿ ಇಟ್ಟರೆ ಹಳೆಯ ಬ್ಯಾಟರಿ ಊದಿಕೊಳ್ಳುತ್ತದೆ. ಚಾರ್ಜರ್‌ಗೆ ಟೈಮರ್ ಹಾಕಿ ದಿನಕ್ಕೆ ಒಂದೆರಡು ಗಂಟೆ ಮಾತ್ರ ಕೊಡಿ. ಹಿಂದಿನ ಮುಚ್ಚಳ ಸ್ವಲ್ಪ ಎದ್ದ ಹಾಗೆ ಕಂಡರೂ ಅವತ್ತೇ ಇಳಿಸಿ ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಡಿ. ಮಾರುವುದಾದರೆ ಮೊದಲು ಗೂಗಲ್ ಅಕೌಂಟ್ ತೆಗೆಯಿರಿ, ಆಮೇಲೆ ರೀಸೆಟ್. ಇಲ್ಲದಿದ್ದರೆ ಕೊಂಡವರಿಗೆ ಫೋನ್ ತೆರೆಯದೇ ಹೋಗಬಹುದು. ಮನೆಯ ವೈಫೈ ಪಾಸ್‌ವರ್ಡನ್ನೂ ಅವತ್ತೇ ಬದಲಾಯಿಸಿ, ಬೋರ್ಡುಗಳಿಗೂ ಹೊಸದನ್ನು ಕೊಡಿ.